ಪ್ಲಾಸ್ಟಿಕ್ ಇರುವ ವೆಟ್ ವೈಪ್ಸ್ ಬೇಡ ಅಂತ ಜನ ಹೇಳುತ್ತಲೇ ಇದ್ದಾರೆ, ಇನ್ನೂ ತಡ ಯಾಕೆ?

ಪ್ಲಾಸ್ಟಿಕ್ ಸೇರಿಸಿ ಮಾಡಿದ ವೆಟ್ ವೈಪ್ಸ್, ಅಂದರೆ ಮುಖ, ಕೈ ಒರೆಸಿ ಎಸೆಯುವ ಒದ್ದೆ ಹಾಳೆ, ಬ್ರಿಟನ್‌ನಲ್ಲಿ ಬ್ಯಾನ್ ಆಗುತ್ತಿರುವ ಹಾಗೆ ಅದರ ಮಾರಾಟ ನಮ್ಮ ದೇಶದಲ್ಲೂ ನಿಲ್ಲಬೇಕು. "ಕಡಿಮೆ ಬಳಸಿ", "ಕಂಡಲ್ಲಿ ಎಸೆಯಬೇಡಿ" ಅಂತ ಬೋರ್ಡ್ ನೆಟ್ಟರೆ ಸಾಲದು. ಅದು ಅಂಗಡಿಗೇ ಬರಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲನೆಯದಾಗಿ, ಅದರಲ್ಲಿ ಪ್ಲಾಸ್ಟಿಕ್ ಇದೆ ಅಂತಲೇ ತುಂಬಾ ಜನರಿಗೆ ಗೊತ್ತಿಲ್ಲ. ಮುಟ್ಟಿದರೆ ತೆಳು ಬಟ್ಟೆ, ನೋಡಿದರೆ ಕಾಗದ. ಪ್ಯಾಕೆಟ್ ಹಿಂದೆ ಓದಿದರೆ ಬಹಳಷ್ಟು ಕಡೆ "ನಾನ್ ವೋವನ್ ಫ್ಯಾಬ್ರಿಕ್" (ನೇಯದ ಬಟ್ಟೆ) ಅಂತ ಇರುತ್ತದೆ, ಅಷ್ಟೇ. ಅದು ಹತ್ತಿಯೋ, ಮರದ ತಿರುಳಿನಿಂದ ಮಾಡಿದ ವಿಸ್ಕೋಸೋ, ಪ್ಲಾಸ್ಟಿಕ್ ಎಳೆಯಾದ ಪಾಲಿಯೆಸ್ಟರೋ ಅಂತ ಹೇಳುವುದಿಲ್ಲ. ಎಷ್ಟೋ ವೈಪ್ಸ್‌ನಲ್ಲಿ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಎರಡೂ ಬೆರೆತಿರುತ್ತವೆ. ಮನೆಯಲ್ಲೇ ನೋಡಬೇಕೆಂದರೆ ಒಂದು ವೈಪ್ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ. ಸಣ್ಣ ಪಟ್ಟಿ ಹರಿದು ಇಕ್ಕಳದಲ್ಲಿ ಹಿಡಿದು, ಮನೆ ಹೊರಗೆ, ಬೆಂಕಿಗೆ ತೋರಿಸಿ. ಹತ್ತಿ ಅಥವಾ ವಿಸ್ಕೋಸ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಇದ್ದರೆ ಅಂಚು ಒಳಕ್ಕೆ ಮುದುಡಿ ಕರಗುತ್ತದೆ, ಆರಿದ ಮೇಲೆ ಕಪ್ಪು ಗಟ್ಟಿ ಉಂಡೆ ಉಳಿಯುತ್ತದೆ. ಉಗುರಿನಿಂದ ಒತ್ತಿದರೂ ಪುಡಿಯಾಗುವುದಿಲ್ಲ. ಮಗುವಿನ ಮುಖ ಒರೆಸುವ ವಸ್ತುವಿನಲ್ಲಿ ಏನಿದೆ ಅಂತ ತಿಳಿಯಲು ತಾಯಿಯೊಬ್ಬಳು ಬೆಂಕಿ ಹಚ್ಚಿ ನೋಡಬೇಕಾ ಹೇಳಿ?

ಈಗ ನಮ್ಮ ಕೊಡಗಿಗೆ ಬರೋಣ. ಶನಿವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಕಾರುಗಳು ಸಾಲುಗಟ್ಟಿ ಬರುತ್ತವೆ. ಬರಲಿ, ಅದರಿಂದ ಎಷ್ಟೋ ಮನೆ ನಡೆಯುತ್ತಿದೆ. ಆದರೆ ಅಬ್ಬಿ ಜಲಪಾತ, ದುಬಾರೆ, ಮಾಂದಲಪಟ್ಟಿ ಕಡೆಯ ರಸ್ತೆ, ಎಲ್ಲಿ ಕಾರು ನಿಲ್ಲಿಸುತ್ತಾರೋ ಅಲ್ಲಿ ಬೇಲಿ ಬುಡದಲ್ಲಿ ಬಿಳಿ ಬಿಳಿ ವೈಪ್ಸ್ ಬಿದ್ದಿರುತ್ತವೆ. ಮಳೆ ಜೋರಾದರೆ ಅವು ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಕುಶಾಲನಗರದ ಕಡೆ ಹೊಳೆ ದಂಡೆಯ ಬಿದಿರು ನೋಡಿ. ನೀರು ಎಲ್ಲಿಯವರೆಗೆ ಏರಿತ್ತೋ ಅಲ್ಲಿಯವರೆಗೂ ಮುಳ್ಳಿಗೆ ಚಿಂದಿ ಸಿಕ್ಕಿಕೊಂಡಿರುತ್ತದೆ. ಹಳೆ ಬಟ್ಟೆ, ಕವರ್ ಜೊತೆ ಇವೂ ಇರುತ್ತವೆ. ಇದು ತಲಕಾವೇರಿಯಲ್ಲಿ ಕೈಮುಗಿದು ತೀರ್ಥ ತೆಗೆದುಕೊಳ್ಳುವ ಅದೇ ಹೊಳೆ. ಕೆಆರ್‌ಎಸ್ ತುಂಬಿಸುವುದೂ ಇದೇ ನೀರು, ಬೆಂಗಳೂರಿನ ನಲ್ಲಿಗೆ ಹೋಗುವುದೂ ಇದೇ ನೀರು. ಪಾಲಿಯೆಸ್ಟರ್ ಮಣ್ಣಲ್ಲಿ ಕೊಳೆತು ಗೊಬ್ಬರ ಆಗುವುದಿಲ್ಲ. ಹರಿದು ಹರಿದು ಕಣ್ಣಿಗೆ ಕಾಣದ ಎಳೆಗಳಾಗಿ ನೀರಲ್ಲೇ ಉಳಿಯುತ್ತದೆ.

ಇನ್ನೊಂದು ಸಂಗತಿ ಕಣ್ಣಿಗೆ ಬೀಳುವುದಿಲ್ಲ, ಅದು ಕಕ್ಕಸು ಗುಂಡಿ. ನಮ್ಮಲ್ಲಿ ತೋಟದ ಮನೆ, ಹೋಂಸ್ಟೇ ಎಲ್ಲ ನಂಬಿಕೊಂಡಿರುವುದು ಗುಂಡಿಯನ್ನೇ. ನಮ್ಮ ಅತ್ತಿಗೆ ಹೋಂಸ್ಟೇ ನಡೆಸುತ್ತಾರೆ. ಪ್ರತಿ ಬಾತ್‌ರೂಮಿನಲ್ಲೂ "ವೈಪ್ಸ್ ಕಮೋಡ್‌ಗೆ ಹಾಕಬೇಡಿ" ಅಂತ ಅಂಟಿಸಿದ್ದಾರೆ, ಪಕ್ಕದಲ್ಲೇ ಮುಚ್ಚಳದ ಡಬ್ಬಿ ಇಟ್ಟಿದ್ದಾರೆ. ಆದರೂ ಹಾಕುತ್ತಾರೆ. ಕಳೆದ ಮಳೆಗಾಲದಲ್ಲಿ ಗುಂಡಿ ಉಕ್ಕಿದಾಗ ಹೊಲಸು ಹೀರುವ ಸಕ್ಕಿಂಗ್ ಲಾರಿ ಕರೆಸಿದರು. ಪೈಪ್ ಬಿಟ್ಟು ಸ್ವಲ್ಪ ಹೊತ್ತಿಗೆ ಮೋಟಾರಿನ ಸದ್ದೇ ಬದಲಾಯಿತು. ಹೊರಗೆ ತೆಗೆದರೆ ಪೈಪಿನ ಬಾಯಿಗೆ ವೈಪ್ಸ್ ಒಂದಕ್ಕೊಂದು ಹೊಸೆದುಕೊಂಡು ಹಗ್ಗದ ಹಾಗೆ ಸುತ್ತಿತ್ತು. ಲಾರಿ ಜೊತೆ ಬಂದ ಹುಡುಗ ಕಬ್ಬಿಣದ ಕೊಕ್ಕೆ ಹಾಕಿ ಎಳೆದು, ಮತ್ತೆ ಪೈಪ್ ಬಿಟ್ಟು, ಮತ್ತೆ ಎಳೆದು ಸುಸ್ತಾದ. "ಅಕ್ಕ, ಇದೊಂದು ಇಲ್ಲ ಅಂದ್ರೆ ನಮ್ ಕೆಲಸ ಎಷ್ಟೋ ಸಲೀಸು" ಅಂದ.

ರಕ್ಷಣೆಯ ಸಾಧನ ಇಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಆದರೂ ದೇಶದಲ್ಲಿ ಗುಂಡಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಇವತ್ತಿಗೂ ಬರುತ್ತಲೇ ಇದೆ. ಯಂತ್ರದ ಕೈಲಿ ಆಗುತ್ತಿಲ್ಲ ಅಂದ ಕೂಡಲೇ "ಒಬ್ಬ ಇಳಿದು ನೋಡಪ್ಪ" ಅನ್ನುವ ಮಾತು ಬಂದೇ ಬರುತ್ತದೆ. ನನಗೆ ಅತೀ ಭಯ ಆಗುವುದು ಇಲ್ಲೇ. ಹೊಳೆ, ಮೀನು, ತೀರ್ಥ ಎಲ್ಲಾ ಸರಿ. ಗುಂಡಿ ಪಕ್ಕ ಕೊಕ್ಕೆ ಹಿಡಿದು ನಿಂತ ಆ ಹುಡುಗನ ಜೀವ ಅದಕ್ಕಿಂತ ದೊಡ್ಡದು.

ಜನ ಒಪ್ಪುತ್ತಾರಾ ಅಂತ ಕೇಳುವವರಿಗೆ ಇಂಗ್ಲೆಂಡ್ ವಿಷಯ ಹೇಳುತ್ತೇನೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ, ಹ್ಯಾಮರ್‌ಸ್ಮಿತ್ ಸೇತುವೆ ಹತ್ತಿರ, ವೈಪ್ಸ್ ಮತ್ತು ಕೆಸರು ಸೇರಿ ಎರಡು ಟೆನಿಸ್ ಅಂಗಳದಷ್ಟು ದೊಡ್ಡ ದಿಬ್ಬವೇ ಎದ್ದಿತ್ತು. 2025ರಲ್ಲಿ ಜೆಸಿಬಿಯಂಥ ಯಂತ್ರಗಳನ್ನು ನದಿಗಿಳಿಸಿ ಎತ್ತಿಸಿದರು. ಅದಕ್ಕೂ ಮೊದಲು, 2017ರಲ್ಲಿ, ವೈಟ್‌ಚಾಪೆಲ್ ಎಂಬಲ್ಲಿ ಒಳಚರಂಡಿಯಲ್ಲಿ ಎಣ್ಣೆ ಜಿಡ್ಡು, ವೈಪ್ಸ್ ಎಲ್ಲ ಗಟ್ಟಿಯಾಗಿ ಸುಮಾರು 130 ಟನ್ ತೂಕದ, 250 ಮೀಟರ್ ಉದ್ದದ ಗಡ್ಡೆ ಸಿಕ್ಕಿತ್ತು. 2023ರ ಕೊನೆಯಲ್ಲಿ ಬ್ರಿಟನ್ ಸರ್ಕಾರ ಬ್ಯಾನ್ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಉತ್ತರ ಕೊಟ್ಟವರಲ್ಲಿ ಶೇ. 95 ಮಂದಿ ಬ್ಯಾನ್ ಆಗಲಿ ಅಂದರು. ಇಂಥದ್ದಕ್ಕೆ ಉತ್ತರ ಬರೆಯುವವರು ಮೊದಲೇ ಕಾಳಜಿ ಇರುವವರು, ಅದು ಇಡೀ ದೇಶದ ಲೆಕ್ಕ ಅಲ್ಲ, ಒಪ್ಪುತ್ತೇನೆ. ಆದರೂ ವಿರೋಧ ಅಷ್ಟು ಕಡಿಮೆ ಬಂತಲ್ಲ! ಬೂಟ್ಸ್, ಟೆಸ್ಕೋ ಥರದ ದೊಡ್ಡ ಅಂಗಡಿಗಳು ಕಾನೂನಿಗೆ ಕಾಯದೆ 2022ರಲ್ಲೇ ಪ್ಲಾಸ್ಟಿಕ್ ವೈಪ್ಸ್ ಮಾರಾಟ ನಿಲ್ಲಿಸಿದ್ದವು. ಬ್ರಿಟನ್ನಿನದೇ ಭಾಗವಾದ ವೇಲ್ಸ್ 2024ರ ಡಿಸೆಂಬರ್‌ನಲ್ಲಿ ಕಾನೂನಿಗೆ ಒಪ್ಪಿಗೆ ಕೊಟ್ಟಿತು, ಇಂಗ್ಲೆಂಡ್‌ನಲ್ಲಿ 2027ಕ್ಕೆ ಜಾರಿ.

ನಮ್ಮ ಕಡೆಯೂ ನಾನು ಕೇಳಿದವರಲ್ಲಿ "ಬೇಡ, ಪ್ಲಾಸ್ಟಿಕ್ ಇರಲಿ" ಅಂದವರು ಯಾರೂ ಇಲ್ಲ. ತಕರಾರು ಬರುವುದು ಬೇರೆ ಕಡೆಯಿಂದ. ಚಿಕ್ಕ ಮಗು ಇರುವ ನಮ್ಮ ಪಕ್ಕದ ಮನೆಯವಳು ಕೇಳಿದಳು, "ಬಟ್ಟೆ ಒದ್ದೆ ಮಾಡಿ ಒರೆಸು ಅಂತೀರಲ್ಲ ಅಕ್ಕ, ಆಟಿ ತಿಂಗಳ ಮಳೆಯಲ್ಲಿ ಅದನ್ನು ಒಣಗಿಸುವುದು ಎಲ್ಲಿ?" ಸರಿಯಾದ ಪ್ರಶ್ನೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಒಲೆ ಮೇಲೆ ಕಟ್ಟಿದ ಬಟ್ಟೆಯೂ ಒಣಗದೆ ಮುಗ್ಗಲು ವಾಸನೆ ಬರುತ್ತದೆ. ಮಲಗಿದಲ್ಲೇ ಇರುವ ಹಿರಿಯರನ್ನು ನೋಡಿಕೊಳ್ಳುವವರಿಗೂ ವೈಪ್ಸ್ ದೊಡ್ಡ ಉಪಕಾರ. ಅದಕ್ಕೇ ಹೇಳುತ್ತೇನೆ, ಯಾರೂ ವೈಪ್ಸೇ ಬೇಡ ಅಂತ ಹೇಳುತ್ತಿಲ್ಲ. ಪ್ಲಾಸ್ಟಿಕ್ ಇರುವುದು ಬೇಡ. ಸಸ್ಯದ ನಾರಿನಿಂದ ಮಾಡಿದ್ದು ನಮ್ಮಲ್ಲೂ ಸಿಗುತ್ತಿದೆ. ಇಂಗ್ಲೆಂಡ್‌ನಲ್ಲಿ ವೈದ್ಯಕೀಯ ಅಗತ್ಯಕ್ಕೆ ವಿನಾಯಿತಿ ಇಟ್ಟಿದ್ದಾರೆ, ಇಲ್ಲೂ ಇಡಲಿ.

"ಕವರ್ ಬ್ಯಾನ್ ಮಾಡಿ ಏನಾಯಿತು?" ಅಂತ ಸುಮಾರು ಜನ ಕೇಳುತ್ತಾರೆ. ನಿಜ, ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕವರ್ ಬ್ಯಾನ್ ಆಯಿತು, ಸಂತೆಯಲ್ಲಿ ಇನ್ನೂ ಸಿಗುತ್ತದೆ. ಆದರೆ ಅದೇ ಕಾರಣಕ್ಕೆ ಕೈಚೆಲ್ಲಿ ಕೂರಬೇಕಾ? ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನು ನಿಷೇಧಿಸಿತು. ಅದರಲ್ಲಿ ಇಯರ್ ಬಡ್ಸ್‌ನ ಪ್ಲಾಸ್ಟಿಕ್ ಕಡ್ಡಿಯೂ ಇತ್ತು. ಈಗ ಅಂಗಡಿಗೆ ಹೋಗಿ ನೋಡಿ, ಕಾಗದದ ಕಡ್ಡಿಯ ಬಡ್ಸ್ ಎಲ್ಲ ಕಡೆ ಇದೆ. ನಮಗೇನೂ ಕಷ್ಟ ಆಗಲಿಲ್ಲ ಅಲ್ವಾ? ವೈಪ್ಸ್ ಕೂಡ ಹಾಗೇ. ಕಂಪನಿ ಹೆಸರು ಹಾಕಿಕೊಂಡು ಪ್ಯಾಕೆಟ್‌ನಲ್ಲಿ ಬರುವ ಮಾಲು ಅದು. ಮಾಡುವ ಜಾಗದಲ್ಲೇ ತಡೆಯುವುದು ಸುಲಭ. ಆದರೆ ಕೇಂದ್ರದ ಆ ನಿಷೇಧದ ಪಟ್ಟಿಯಲ್ಲಿ ವೆಟ್ ವೈಪ್ಸ್ ಇಲ್ಲ.

ಒಂದು ವಿಷಯ ಮುಚ್ಚಿಡಬಾರದು. ಪ್ಲಾಸ್ಟಿಕ್ ಇಲ್ಲದ ವೈಪ್ ಕೂಡ ಕಮೋಡ್‌ಗೆ ಹಾಕುವುದಲ್ಲ. ಒದ್ದೆಯಾದರೂ ಹರಿಯಬಾರದು ಅಂತಲೇ ಅದನ್ನು ಮಾಡಿರುತ್ತಾರೆ, ಟಾಯ್ಲೆಟ್ ಪೇಪರ್ ಥರ ನೀರಿಗೆ ಬಿದ್ದ ಕೂಡಲೇ ಬಿಡಿಬಿಡಿ ಆಗುವುದಿಲ್ಲ. ಪೈಪಿಗೆ ಅದೂ ಸುತ್ತಿಕೊಳ್ಳುತ್ತದೆ. ಹಾಗಾಗಿ ಬ್ಯಾನ್ ಜೊತೆಗೆ ಪ್ಯಾಕೆಟ್ ಮುಂಭಾಗದಲ್ಲೇ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಕಮೋಡ್‌ಗೆ ಹಾಕಬೇಡಿ ಅಂತ ಬರೆದಿರಬೇಕು. ಯುರೋಪ್ ಒಕ್ಕೂಟದ ದೇಶಗಳಲ್ಲಿ 2021ರ ಜುಲೈನಿಂದ ಪ್ಲಾಸ್ಟಿಕ್ ಇರುವ ವೈಪ್ಸ್ ಪ್ಯಾಕೆಟ್ ಮೇಲೆ ಆಮೆಯ ಚಿತ್ರ ಇರುವ ಗುರುತು ಕಡ್ಡಾಯ ಮಾಡಿದ್ದಾರೆ. ಅಕ್ಷರ ಬಾರದವರಿಗೂ ಅರ್ಥವಾಗುತ್ತದೆ.

ನಮ್ಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಇದನ್ನೇ ಮನವಿಯಾಗಿ ಕೊಡಬೇಕು ಅಂತಿದ್ದೇವೆ. ಕೇಂದ್ರದ ಪಟ್ಟಿಗೆ ಪ್ಲಾಸ್ಟಿಕ್ ವೈಪ್ಸ್ ಸೇರಿಸಬೇಕು, ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಬರಬೇಕು, ಅಲ್ಲಿಯವರೆಗೆ ಹೋಂಸ್ಟೇಗಳ ಪ್ರತಿ ಬಾತ್‌ರೂಮಿನಲ್ಲೂ ಮುಚ್ಚಳದ ಡಬ್ಬಿ ಇರಬೇಕು. ಬೇರೆ ಪಂಚಾಯಿತಿಯವರು ನಿಮ್ಮಲ್ಲೂ ಕೊಡುವುದಾದರೆ ಕಾಮೆಂಟ್ ಹಾಕಿ, ಬರೆದ ಪ್ರತಿ ಕಳಿಸುತ್ತೇನೆ. ಹೋಂಸ್ಟೇ ನಡೆಸುವವರು, ಅಂಗಡಿ ಇಟ್ಟವರು, ಚಿಕ್ಕ ಮಕ್ಕಳ ತಾಯಂದಿರು, ಒಪ್ಪಿಗೆ ಇಲ್ಲದಿದ್ದರೂ ಬರೆಯಿರಿ. ಸಕ್ಕಿಂಗ್ ಲಾರಿ ಕೆಲಸದವರು ಯಾರಾದರೂ ಗೊತ್ತಿದ್ದರೆ ಅವರನ್ನೂ ಸಭೆಗೆ ಕರೆದುಕೊಂಡು ಬನ್ನಿ. ಮೊದಲು ಅವರೇ ಮಾತಾಡಲಿ.