ಮುನ್ನೂರು ವರ್ಷ ಮುಳುಗಡಿ ಆಗ್ಯಾವಂತ, ಪರಿಹಾರ ಯಾವಾಗ್ರಿ?

ಬಾಗಲಕೋಟಿ ಮಂದಿಗೆ ಮುಳುಗಡಿ ಹೊಸಾದಲ್ಲ. ಆಲಮಟ್ಟಿ ಹಿನ್ನೀರಿನ್ಯಾಗ ಮನಿ ಹೋದ್ವು, ಓಣಿ ಹೋದ್ವು, ನವನಗರದಾಗ ಪ್ಲಾಟ್ ಬಂದ್ವು. ಈ ಸಲ ಮುಳುಗಿದ್ದು ವರ್ಷ, ಬರೋಬ್ಬರಿ 297. ವಾಟ್ಸಾಪ್‌ನ್ಯಾಗ ವಿಡಿಯೋ ತಿರಗಾಕತ್ತೈತಿ ನೋಡ್ರಿ, ಜರ್ಮನಿಯ ಹೆರಿಬರ್ಟ್ ಇಲಿಗ್ ಅನ್ನಾಂವ 1991ರಾಗ ಹೇಳ್ಯಾನಂತ, ಕ್ರಿ.ಶ. 614ರಿಂದ 911ರ ತನಕ ಕಾಲ ನಡದೇ ಇಲ್ಲ, ಒಬ್ಬ ಪೋಪ್ ಒಬ್ಬ ಚಕ್ರವರ್ತಿ ಕೂಡಿ ಕ್ಯಾಲೆಂಡರ್‌ನ್ಯಾಗ ಸುಳ್ಳ ತುರುಕ್ಯಾರ ಅಂತ. ನಮ್ಮ ಗ್ರೂಪಿನ ಹಿರ್ಯಾರು ಇದಕ್ಕ ಮೂರು ಬೆಂಕಿ ಇಮೋಜಿ ಹಾಕಿ "ಇತಿಹಾಸಕಾರರು ಮುಚ್ಚಿಟ್ಟ ಸತ್ಯ" ಅಂತ ಫಾರ್ವರ್ಡ್ ಮಾಡ್ಯಾರ.

ಆತ್ರಿ, ಒಪ್ಪಿದ್ವಿ. ನಾಳಿಂದನ ಜಾರಿ ಮಾಡೋಣು. ಹರ್ಷನ್ನ ತಡದ ಇಮ್ಮಡಿ ಪುಲಕೇಶಿದು ಮುಕ್ಕಾಲು ಆಳ್ವಿಕಿ ಕ್ಯಾನ್ಸಲ್. ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಎಂಟನೇ ಶತಮಾನದ್ದು, ಅದೂ ಕ್ಯಾನ್ಸಲ್, 1987ರಾಗ ಯುನೆಸ್ಕೋದವ್ರು ಪಟ್ಟಿಗೆ ಸೇರಿಸಿದ್ದು ಬರೇ ಬಯಲು ಅಂತ ಬರಕೋರಿ. ಬಾದಾಮಿ ಮೂರನೇ ಗುಹಾ ಮಾತ್ರ ಬಚಾವ್, ಮಂಗಳೇಶ ಶಕ 500 ಅಂತ ಕಲ್ಲಿನ್ಯಾಗ ಕೆತ್ತಿಸ್ಯಾನ, ಅಂದ್ರ 578. ಕವಿರಾಜಮಾರ್ಗ ಇಲ್ಲ, ಅಮೋಘವರ್ಷ ಇಲ್ಲ. ಪಂಪ ಹುಟ್ಟಿದ್ದು 902 ಅಂತಾರ, ಹಂಗಾದ್ರ ಆದಿಕವಿ ಹುಟ್ಟೂ ಹೊತ್ತಿಗೇ ಒಂಬತ್ತು ವರ್ಷದಾಂವ. ನಾವೀಗ 1730ರ ಆಸುಪಾಸು ಅದೀವಿ, ಬ್ಯಾಂಕಿನ ಕಂತು ತುಂಬಾಕ ಟೈಮ್ ಭಾಳ ಐತಿ.

ಇಷ್ಟಕ್ಕೆಲ್ಲಾ ಬುನಾದಿ ಏನಂದ್ರ 1582ರ ಹತ್ತು ದಿನ. ಆ ವರ್ಷ ಕ್ಯಾಲೆಂಡರ್ ಸರಿ ಮಾಡಾಕ ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನ 15 ಅಂದ. ಸೀಜರ್ ಮಾಡಿದ ಹಳೇ ಕ್ಯಾಲೆಂಡರ್ ನೂರಾ ಚಿಲ್ಲರ ವರ್ಷಕ್ಕ ಒಂದು ದಿನ ತಪ್ಪತಿತ್ತು. ಸೀಜರ್ ಕಾಲದಿಂದ ಎಣಿಸಿದ್ರ ಹದಿಮೂರು ದಿನ ಕಡಿಬೇಕಿತ್ತು, ಹತ್ತೇ ಕಡದ್ರು, ಮೂರು ದಿನ ಕಡಿಮಿ, ಅಂದ್ರ ಮುನ್ನೂರು ವರ್ಷ ಖೊಟ್ಟಿ ಅಂತ ಇಲಿಗ್ ವಾದ. ಪೋಪ್ ಗ್ರೆಗರಿ ಸರಿ ಮಾಡಾಕ ಹೊಂಟಿದ್ದು ಸೀಜರ್‌ನ ಲೆಕ್ಕ ಅಲ್ರಿ, 325ರಾಗ ಕ್ರೈಸ್ತ ಧರ್ಮಗುರುಗಳು ಕೂಡಿದ ನೈಸೀಯ ಸಭಾದ ಹೊತ್ತಿಂದು. ಅಲ್ಲಿಂದ ಎಣಿಸಿದ್ರ ಹತ್ತೇ ಬರ್ತೈತಿ. ಮುಗೀತು.

ಇಷ್ಟಾದ ಮ್ಯಾಲೂ ನಂಬದವ್ರು ಒಂದ ಐತವಾರ ಐಹೊಳಿ ಮೇಗುಟಿ ಗುಡ್ಡ ಹತ್ತಿ ಬರ್ರಿ. ಪುಲಕೇಶಿ ಕಾಲದ ಕವಿ ರವಿಕೀರ್ತಿ ಅಲ್ಲಿನ ಶಾಸನದಾಗ ತಾರೀಖು ಎರಡು ಲೆಕ್ಕದಾಗ ಕೊಟ್ಟಾನ, ಭಾರತ ಯುದ್ಧ ಆಗಿ 3735 ವರ್ಷ, ಶಕ 556. ಯುದ್ಧ ಖರೇನ ಆವಾಗ ಆಗಿತ್ತೋ ಇಲ್ಲೋ ಅದು ಬ್ಯಾರೆ ಜಗಳ, ಅದನ್ನ ಇಲ್ಲಿ ತರಬ್ಯಾಡ್ರಿ. ಎರಡರ ನಡುವಿನ ಅಂತರ ಕಳೀರಿ, 3179. ಈಗ 2025ರ ಯುಗಾದಿ ಪಂಚಾಂಗ ತಗೀರಿ, ಭಾರತ ಯುದ್ಧದ ಲೆಕ್ಕನ ಅಲ್ಲಿ ಕಲಿ ಅಂತ ಇರ್ತೈತಿ, ಕಲಿ ಗತ (ಅಂದ್ರ ಮುಗದ ವರ್ಷ) 5126, ಶಕ 1947, ಕಳೀರಿ. ಅದೇ 3179! ಎರಡೂ ಲೆಕ್ಕಕ್ಕ ಒಟ್ಟಿಗೇ ಮುನ್ನೂರು ತುರುಕಿದ್ರ ಅಂತರ ಹಂಗೇ ಉಳೀತೈತಲ್ಲ ಅಂತ ಕೇಳ್ತೀರಿ, ಕೇಳೂದು ಬರೋಬ್ಬರಿನ ಐತಿ. ಅದಕ್ಕ ಇತಿಹಾಸದವ್ರು ಆಕಾಶ ನೋಡ್ತಾರ. ಶಾಸನದಾಗ ವರ್ಷ ಒಂದೇ ಇರೂದಿಲ್ಲ, ತಿಥಿ, ವಾರ, ಒಮ್ಮೊಮ್ಮೆ ಗ್ರಹಣಾನೂ ಇರ್ತೈತಿ, ಹಿಂದಕ್ಕ ಗಣಿತ ಮಾಡಿ ಆ ದಿನ ಆ ವಾರ ಇತ್ತೋ, ಗ್ರಹಣ ಬಿದ್ದಿತ್ತೋ ಅಂತ ತಾಳಿ ಹಚ್ಚತಾರ. ಶಾಸನ ಓದೂ ಪಂಡಿತರಾದ ಫ್ಲೀಟ್, ಕೀಲ್‌ಹಾರ್ನ್ ಸಾಹೇಬ್ರು ಇದರಾಗ ಆಯುಷ್ಯ ಕಳದ್ರು. ತಾಳಿ ಆಗದಿದ್ರ ಒಂದೋ ಬರದಾಂವ ತಪ್ಪ್ಯಾನ, ಇಲ್ಲಾ ತಾಮ್ರಪಟ ಖೊಟ್ಟಿ. ಹೊಲದ ಆಸೆಗೆ ಖೊಟ್ಟಿ ದಾನಪತ್ರ ಆಗಿನ ಮಂದೀನೂ ಮಾಡ್ಯಾರ, ಫ್ಲೀಟ್ ಅಂಥಾವುಗಳ ಪಟ್ಟಿನ ಹಾಕ್ಯಾನ. ಉತಾರ ತಿದ್ದೂ ಕಲಾ ನಿನ್ನೆ ಮೊನ್ನೆದಲ್ಲ. ಪಂಡಿತರ ಜಗಳ ಇರೂದು ಗತ ವರ್ಷನೋ ನಡದ ವರ್ಷನೋ ಅಂತ, ಒಂದು ವರ್ಷದ್ದು. 297ರದ್ದಲ್ಲ.

ಇದನ್ನೆಲ್ಲಾ ಗ್ರೂಪಿನ್ಯಾಗ ಹಾಕಿದೆ. "ತಮ್ಮಾ, ಶಾಸನದವ್ರೂ ಅವರ ಪೈಕಿನ" ಅಂದ್ರು ಹಿರ್ಯಾರು. ಕಾಕಾ, 837ರಾಗ ಹ್ಯಾಲಿ ಧೂಮಕೇತು ಬಂದಿದ್ದು ಚೀನಾದವ್ರು ಬರದಿಟ್ಟಾರ, ಗಣಿತಕ್ಕ ಕೂಡತೈತಿ ಅಂದೆ. "ಚೀನಾದವ್ರನ್ನ ನಂಬ್ತಿಯೇನು?" ಅಂದ್ರು. 774-775ರಾಗ ಗಾಳ್ಯಾಗ ಕಾರ್ಬನ್-14 ಅನ್ನೂ ವಿಕಿರಣದ ಇಂಗಾಲ ಒಮ್ಮೆಲೆ ಏರಿದ್ದು, ವರ್ಷಕ್ಕೊಂದರಂಗ ಬೆಳೆಯೂ ಜಪಾನಿನ ಮರದ ಉಂಗುರದಾಗೂ ಐತಿ, ಇಲಿಗ್‌ನ ಜರ್ಮನಿ ಓಕ್ ಮರದಾಗೂ ಐತಿ ಅಂದೆ. ಕಾಕಾ ಭಾಳ ಹೊತ್ತು ಟೈಪ್ ಮಾಡಿದ್ರು, ಆಮ್ಯಾಲ ಬಂತು ಉತ್ತರ: "ಮರಕ್ಕ ರೊಕ್ಕ ಕೊಟ್ಟವ್ರು ಯಾರು, ಅದನ್ನ ಮೊದಲ ತನಿಖೆ ಮಾಡ್ಸು."