ಕಾಂಡ್ಲಾ ನೆಟ್ಟರೆ ಸಾಲದು
ನಮ್ಮ ಕಾಸರಗೋಡಿನ ಕುಂಬಳೆ, ಶಿರಿಯ ಅಳಿವೆಗಳ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬಗ್ಗೆ ನೀವು ಬರೆದದ್ದು ನೋಡಿ ಖುಷಿಯಾಯಿತು. ಆದರೆ ಗಿಡ ನೆಟ್ಟರೆ ಎಲ್ಲ ಸರಿಯಾಗುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಕಾಂಡ್ಲಾಕ್ಕೆ ಉಬ್ಬರ ಇಳಿತದ ನೀರು ಬಂದು ಹೋಗುತ್ತಿರಬೇಕು. ಮಣ್ಣು ತುಂಬಿ ಅದನ್ನು ತಡೆದರೆ ಎಷ್ಟು ನೆಟ್ಟರೂ ಸುಮ್ನೆ. ನೀರಿಗೆ ದಾರಿ ಬಿಡಿ, ಮೊಳಕೆ ತಾನೇ ತೇಲಿ ಬಂದು ಬೇರು ಬಿಡುತ್ತದೆ. ಕೆಲವು ಜಾತಿಗಳಲ್ಲಿ ಬೀಜ ಮರದಲ್ಲೇ ಮೊಳೆತು ಕೆಳಗೆ ಬೀಳುತ್ತದೆ ಅಲ್ವಾ? ಸಿಗಡಿ, ಏಡಿ, ಮೀನಿನ ಮರಿಗಳು ಬೆಳೆಯುವುದು ಆ ಬೇರುಗಳ ನಡುವೆಯೇ.

ಇನ್ನೊಂದು ವಿಷಯ. ಕಡಲ ತೀರದ ಕಟ್ಟಡ, ಕಾಮಗಾರಿಗಳಿಗೆ ಮಿತಿ ಹಾಕುವ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ 1000 ಚದರ ಮೀಟರಿಗಿಂತ ದೊಡ್ಡ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಜಾಗ ಬಿಡಬೇಕು. ಖಾಸಗಿ ಜಾಗದ ಕಾಂಡ್ಲಾಕ್ಕೆ ಮಾತ್ರ ಅದು ಬೇಡವಂತೆ! ನಮ್ಮ ಕಾಸರಗೋಡಿನ ತೆಂಗಿನ ತೋಟಗಳ ಅಂಚಿನಲ್ಲಿರುವ ಕಾಂಡ್ಲಾದ ಗತಿ ಏನು? ಅದರ ಬಗ್ಗೆಯೂ ಬರೆಯಿರಿ.