ಆ ಹೆಸರುಗಳ ಮುಂದೆ ಸುಮ್ನೆ ‘ನೋ’ ಹಾಕಬೇಡಿ

ನಿನ್ನೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಗೆಳೆಯರ ಮನೆಗೆ ದಸರಾ ಗೊಂಬೆ ನೋಡಲು ಹೋಗಿದ್ದೆವು. ಊಟ ಮುಗಿದ ಮೇಲೆ ಮಾತು ಅಂಚೆಯಲ್ಲಿ ಬಂದ ಮತಪತ್ರದ ಕಡೆ ತಿರುಗಿತು. ಒಬ್ಬರು ಅಂದರು, “ಜಡ್ಜ್‌ಗಳ ಹೆಸರು ಉದ್ದಕ್ಕೆ ಇತ್ತಲ್ಲ, ಯಾರು ಅಂತಲೇ ಗೊತ್ತಿಲ್ಲ. ಎಲ್ಲರಿಗೂ ನೋ ಹಾಕಿದೆ.” ನಾನೂ ಹಾಗೇ ಮಾಡಿದ್ದು ಅಂತ ಇನ್ನಿಬ್ಬರು ದನಿಗೂಡಿಸಿದರು. ಹಬ್ಬದ ಮನೆ, ಜಗಳ ಬೇಡ ಅಂತ ಸುಮ್ಮನಿದ್ದೆ. ರಾತ್ರಿ ನಿದ್ದೆ ಹತ್ತಲಿಲ್ಲ.

ಗೊತ್ತಿಲ್ಲ, ಅದಕ್ಕೇ ನೋ. ಇದು ಯಾವ ನ್ಯಾಯ ಹೇಳಿ?

ಆ ಪಟ್ಟಿಯಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೂ ಇರುತ್ತಾರೆ. ಆ ಕೋರ್ಟಿನಲ್ಲಿ ಇರುವುದೇ 7 ಜನ. ಕನಿಷ್ಠ 10 ವರ್ಷ ವಕೀಲರೋ ನ್ಯಾಯಾಧೀಶರೋ ಆಗಿರಬೇಕು. ಗವರ್ನರ್ ಆರಿಸುತ್ತಾರೆ, ಮೂವರ ಆಯೋಗ ಒಪ್ಪಬೇಕು. ಆಮೇಲೆ ನಮ್ಮ ಮುಂದೆ ಬರುತ್ತಾರೆ. ಎದುರಾಳಿ ಇಲ್ಲ, ಪ್ರಚಾರದ ಮೆರವಣಿಗೆ ಇಲ್ಲ. ಇವರು ಇರಲೋ ಬೇಡವೋ, ಯೆಸ್ ಅಥವಾ ನೋ, ಅಷ್ಟೇ ಪ್ರಶ್ನೆ.

ನನಗೆ ಇದು ಯಾಕಿಷ್ಟು ತಾಗುತ್ತದೆ ಅಂದರೆ, ಅದೇ ಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕ್ರೂಜ್ ರೇನೋಸೊ. 1931ರಲ್ಲಿ ಹುಟ್ಟಿದವರು. ಕೂಲಿಕಾರರ ಮನೆ, 11 ಮಕ್ಕಳು. ಹುಡುಗನಾಗಿದ್ದಾಗ ತಾವೂ ತೋಟಗಳಲ್ಲಿ ಹಣ್ಣು ಕಿತ್ತವರು. ಲಾ ಹಾಬ್ರಾದಲ್ಲಿ ಅವರಿದ್ದ ಮೆಕ್ಸಿಕನ್ನರ ಕೇರಿಗೆ ಅಂಚೆಯವನು ಬರುತ್ತಿರಲಿಲ್ಲ. ಹುಡುಗ ಮನೆಮನೆ ತಿರುಗಿ ಸಹಿ ಹಾಕಿಸಿ ವಾಷಿಂಗ್ಟನ್‌ಗೇ ಅರ್ಜಿ ಕಳಿಸಿದ. ಅಂಚೆ ಬಂತು!

ಮುಂದೆ ಬರ್ಕ್ಲಿಯಲ್ಲಿ ಕಾನೂನು ಓದಿದರು. ಹೊಲದ ಕೂಲಿಗಳಿಗೆ ಉಚಿತವಾಗಿ ವಾದಿಸುವ ಸಂಸ್ಥೆಯೊಂದನ್ನು ನಡೆಸಿದರು. ಗಿಡ್ಡ ಹಿಡಿಯ ಗುದ್ದಲಿಯ ವಿರುದ್ಧ ಹೋರಾಡಿದ್ದು ಅದೇ ಸಂಸ್ಥೆಯ ವಕೀಲರು. ಒಂದೆರಡು ಅಡಿಯ ಹಿಡಿ, ದಿನವಿಡೀ ಬಗ್ಗಿಯೇ ಇರಬೇಕು. 1975ರಲ್ಲಿ ಅದು ನಿಷೇಧವಾಯಿತು.

ನನ್ನ ಅಮ್ಮ ರಾಗಿ ಹೊಲದಲ್ಲಿ ಕಳೆವಾರೆ ಹಿಡಿದು ಬಗ್ಗಿದವಳು. ಸಂಜೆ ಮನೆಗೆ ಬಂದರೆ ತಕ್ಷಣ ಕೂರುವುದಕ್ಕೇ ಆಗುತ್ತಿರಲಿಲ್ಲ. ಗೋಡೆಗೆ ಎರಡೂ ಕೈ ಊರಿ, ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡು, ಆಮೇಲೆ ಒಲೆ ಮುಂದೆ ಹೋಗುತ್ತಿದ್ದಳು. ಆ ಗುದ್ದಲಿಯ ಕಥೆ ಓದಿದ ದಿನ ನಾನು ಅತ್ತಿದ್ದೆ.

ರೇನೋಸೊ 1982ರಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ಅಲ್ಲಿಗೆ ಬಂದ ಮೊದಲ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ನಾಲ್ಕೇ ವರ್ಷ. 1986ರ ನವೆಂಬರ್‌ನಲ್ಲಿ ಜನ ಮೂವರನ್ನು ಮನೆಗೆ ಕಳಿಸಿದರು. ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್, ಜೋಸೆಫ್ ಗ್ರೋಡಿನ್, ಮತ್ತೆ ರೇನೋಸೊ. ಸಿಟ್ಟು ಜಾಸ್ತಿ ಇದ್ದದ್ದು ಬರ್ಡ್ ಮೇಲೆ. ತಮ್ಮ ಮುಂದೆ ಬಂದ ಒಂದೊಂದು ಮರಣದಂಡನೆಯನ್ನೂ ಅವರು ಒಪ್ಪಿರಲಿಲ್ಲ. ಆ ಸಿಟ್ಟಿಗೆ ಉಳಿದಿಬ್ಬರನ್ನೂ ಒಂದೇ ಕಟ್ಟಿಗೆ ಕಟ್ಟಿದರು. ಟಿವಿಯಲ್ಲಿ ಜಾಹೀರಾತಿನ ಮೇಲೆ ಜಾಹೀರಾತು. ಹೊಲದಿಂದ ಅಲ್ಲಿಯವರೆಗೆ 50 ವರ್ಷ ನಡೆದು ಬಂದ ಮನುಷ್ಯ, ಒಂದು ಗುರುತಿಗೆ ಹೊರಗೆ.

“ಜಡ್ಜ್‌ಗಳನ್ನೂ ಜನ ಪ್ರಶ್ನಿಸಬೇಕು, ನಮ್ಮ ಊರಲ್ಲಿ ಆ ಅವಕಾಶವಾದರೂ ಎಲ್ಲಿದೆ?” ಅಂತೀರಿ. ನಿಜ, ಬೆಂಗಳೂರಿನ ಹೈಕೋರ್ಟಿಗೆ ಯಾರು ಬರುತ್ತಾರೆ ಅಂತ ನಮ್ಮನ್ನು ಯಾರೂ ಕೇಳುವುದಿಲ್ಲ. ಆದರೆ ಓದದೆ ಹಾಕಿದ ನೋ ಪ್ರಶ್ನೆ ಹೇಗಾಗುತ್ತದೆ? ಅವರ ಒಂದು ತೀರ್ಪು ಓದಿ, ಒಪ್ಪಿಗೆಯಾಗದಿದ್ದರೆ ಧಾರಾಳವಾಗಿ ನೋ ಹಾಕಿ. ನಾನೇನೂ ಅನ್ನುವುದಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ಪೌರತ್ವ ಸಿಕ್ಕ ಮೇಲಿನ ಮೊದಲ ಮತದಲ್ಲಿ ನಾನೂ ಎಲ್ಲರಿಗೂ ನೋ ಹಾಕಿದ್ದೆ. ಅವತ್ತು ಯಾರ ಯಾರ ಹೆಸರಿತ್ತು ಅಂತ ಈಗ ನೆನಪೂ ಇಲ್ಲ. ಅದೇ ನನ್ನನ್ನು ಕಾಡುವುದು.

ರೇನೋಸೊ ಕಹಿಯಾಗಲಿಲ್ಲ. ಪಾಠ ಹೇಳಲು ಹೋದರು. 2000ದಲ್ಲಿ ದೇಶದ ದೊಡ್ಡ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಪಡೆದರು. 2021ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಮತಪತ್ರದ ಲಕೋಟೆ ಇನ್ನೂ ಅಂಟಿಸಿಲ್ಲದವರು ನನಗೊಂದು ಫೋನ್ ಮಾಡಿ. ಮತದಾರರ ಕೈಪಿಡಿಯಲ್ಲಿ ಸುಪ್ರೀಂ ಕೋರ್ಟಿನ ಒಬ್ಬೊಬ್ಬರ ಬಗ್ಗೆಯೂ ಬರೆದಿದೆ. ಭಾನುವಾರ ನಮ್ಮ ಮನೆಗೆ ಬನ್ನಿ, ಕೂತು ಓದೋಣ. ಅವಲಕ್ಕಿ ಮಾಡಿರುತ್ತೇನೆ.